ನೇರ ಹೊಲಿಗೆಯಲ್ಲೇ ದುಂಡು ಕಾಣುವ ಕೌದಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪ್ರಶ್ನೆ: “ಮನೆಯ ಹೊಲಿಗೆ ಯಂತ್ರದಲ್ಲಿ ನೇರ ಹೊಲಿಗೆ ನನಗೆ ಚೆನ್ನಾಗಿ ಬರುತ್ತದೆ. ಬಾಗಿದ ತುಂಡುಗಳನ್ನು ಜೋಡಿಸಲು ಹೋದರೆ ಮಾತ್ರ ಬಟ್ಟೆ ಸುಕ್ಕುಗಟ್ಟುತ್ತದೆ. ಮೊಮ್ಮಗಳಿಗೆ ದುಂಡನೆಯ ವಿನ್ಯಾಸದ ಕೌದಿ ಹೊಲಿಯಬೇಕೆಂಬ ಆಸೆ. ಬರೀ ನೇರ ಹೊಲಿಗೆಯಲ್ಲಿ ಅದು ಸಾಧ್ಯವೇ?”

ಸಾಧ್ಯವಿದೆ. ಸುಕ್ಕುಗಟ್ಟುವುದು ನಿಮ್ಮ ಕೈಯ ದೋಷವೆಂದೂ ತಿಳಿಯಬೇಡಿ. ಒಳಬಾಗಿದ ತುಂಡಿನ ಅಂಚು, ಹೊರಬಾಗಿದ ತುಂಡಿನ ಅಂಚು ಇವೆರಡೂ ಹೊಲಿಗೆಯಾಚೆ ಉಳಿಯುವ ಮಾರ್ಜಿನ್ ಬಿಟ್ಟು ಕತ್ತರಿಸಿದಾಗ ಒಂದೇ ಉದ್ದ ಇರುವುದಿಲ್ಲ. ಮೇಲಾಗಿ ಬಾಗಿನಲ್ಲಿ ಬಟ್ಟೆ ಹಾಸಿಗೂ ಹೊಕ್ಕಿಗೂ ಓರೆಯಾಗಿ ಕತ್ತರಿಸಲ್ಪಟ್ಟು, ಸ್ವಲ್ಪ ಎಳೆದರೂ ಹಿಗ್ಗುತ್ತದೆ.

ನಮ್ಮ ಕಡೆ ಜಂಬಿಟ್ಟಿಗೆಯಲ್ಲಿ ಬಾವಿ ಕಟ್ಟುವುದನ್ನು ನೀವು ನೋಡಿರಬಹುದು. ಕಲ್ಲುಗಳೆಲ್ಲ ನೇರ ಅಂಚಿನವೇ. ಪ್ರತಿಯೊಂದು ಕಲ್ಲೂ ಪಕ್ಕದ ಕಲ್ಲಿಗಿಂತ ಸ್ವಲ್ಪ ತಿರುಗಿ ಕೂತಿರುವುದರಿಂದ ಬಾವಿ ದುಂಡಗಾಗುತ್ತದೆ. ಕೌದಿಯಲ್ಲಿ ಈ ತಿರುವನ್ನು ಕೊಡುವುದು ಪಟ್ಟಿಗಳ ಅಗಲ. ಅಮೆರಿಕದಲ್ಲಿ 1860ರ ದಶಕದಿಂದ ಜನಪ್ರಿಯವಾದ ‘ಲಾಗ್ ಕ್ಯಾಬಿನ್’ ಎಂಬ ವಿನ್ಯಾಸದಲ್ಲಿ ನಡುವಿನ ಪುಟ್ಟ ಚೌಕದ ಸುತ್ತ, ಮರದ ದಿಮ್ಮಿ ಪೇರಿಸಿದಂತೆ, ಪಟ್ಟಿಗಳನ್ನು ಸುತ್ತು ಸುತ್ತಾಗಿ ಜೋಡಿಸುತ್ತಾರೆ. ಪಟ್ಟಿಗಳೆಲ್ಲ ಒಂದೇ ಅಗಲವಿದ್ದರೆ ಎರಡು ಬಣ್ಣಗಳ ಗಡಿ ಮೂಲೆಯಿಂದ ಮೂಲೆಗೆ ನೇರವಾಗಿ ಸಾಗುತ್ತದೆ. ಒಂದು ಬಣ್ಣದ ಪಟ್ಟಿಯನ್ನು ಕಿರಿದಾಗಿಸಿ ಇನ್ನೊಂದನ್ನು ಅಗಲ ಮಾಡಿದರೆ ನಡುವಿನ ಚೌಕ ಒಂದು ಮೂಲೆಯತ್ತ ಸರಿದು, ಗಡಿ ಅಲ್ಲಿ ಬಾಗುತ್ತದೆ. ಅಂಥ ನಾಲ್ಕು ಚೌಕಗಳನ್ನು ಅಗಲ ಪಟ್ಟಿಯ ಮೂಲೆಗಳು ನಡುವಿಗೆ ಬರುವಂತೆ ಕೂಡಿಸಿದಾಗ ಎಂಟು ಬಾಗುಗಳ ಆಕೃತಿ ಸಿಗುತ್ತದೆ. ನಾಲ್ಕು ಹೆಜ್ಜೆ ದೂರ ನಿಂತು ನೋಡಿದರೆ ಕಣ್ಣು ಅದನ್ನು ವೃತ್ತವೆಂದೇ ಓದುತ್ತದೆ.

ಇಲ್ಲಿ ಅಗಲಗಳ ಅನುಪಾತವೇ ಮುಖ್ಯ. ಎಂಟು ಬಾಗುಗಳೂ ಸಮನಾಗಿ ಬರಬೇಕಾದರೆ ಅಗಲದ ಪಟ್ಟಿ ಕಿರಿದರ ಸುಮಾರು 2.4 ಪಟ್ಟು ಇರಬೇಕು. ಅದಕ್ಕಿಂತ ಕಡಿಮೆಯಾದಷ್ಟೂ ವೃತ್ತ ವಜ್ರದಾಕಾರಕ್ಕೆ ಎಳೆಯುತ್ತದೆ, ಹೆಚ್ಚಾದಷ್ಟೂ ಚೌಕದ ಕಡೆಗೆ ವಾಲುತ್ತದೆ. ಈ ಲೆಕ್ಕವನ್ನು ಹಾಕಬೇಕಾದುದು ಹೊಲಿದ ಮೇಲೆ ಉಳಿಯುವ ಅಗಲಕ್ಕೇ ಹೊರತು ಕತ್ತರಿಸುವ ಅಗಲಕ್ಕಲ್ಲ. ನಾನು ಮೊದಲ ಸಲ 1 ಇಂಚು ಮತ್ತು 2 ಇಂಚಿನ ಪಟ್ಟಿಗಳನ್ನು ಕತ್ತರಿಸಿ, ಒಂದಕ್ಕೆ ಇನ್ನೊಂದು ಎರಡು ಪಟ್ಟು ಎಂದು ನೆಮ್ಮದಿಯಿಂದಿದ್ದೆ. ಎರಡೂ ಬದಿಯ ಕಾಲು ಕಾಲು ಇಂಚು ಮಾರ್ಜಿನ್‌ಗೆ ಹೋಗಿ ಉಳಿದದ್ದು ಅರ್ಧ ಇಂಚು ಮತ್ತು ಒಂದೂವರೆ ಇಂಚು, ಅಂದರೆ ಮೂರು ಪಟ್ಟು. ವೃತ್ತಗಳೆಲ್ಲ ಭುಜ ಎತ್ತಿಕೊಂಡು ನಿಂತಂತೆ ಕಂಡವು, ಬಿಚ್ಚುವ ತಾಳ್ಮೆಯಿಲ್ಲದೆ ಅದನ್ನು ಹಾಗೆಯೇ ಹೊದ್ದುಕೊಳ್ಳುತ್ತಿದ್ದೇನೆ.

ನಿಮಗೆ ಕತ್ತರಿಸಲು ಈ ಅಳತೆಯನ್ನು ಸೂಚಿಸುತ್ತೇನೆ, ಮಾರ್ಜಿನ್ ಇದರಲ್ಲೇ ಸೇರಿದೆ. ನಡುವಿನ ಚೌಕ 1½ ಇಂಚು, ಕಿರಿದು ಪಟ್ಟಿ 1 ಇಂಚು, ಅಗಲ ಪಟ್ಟಿ 1¾ ಇಂಚು. ಮಾರ್ಜಿನ್ ಎಲ್ಲೆಡೆ ಕಾಲು ಇಂಚು. ನಡುವಿನ ಚೌಕದ ಬಲಕ್ಕೆ ಮತ್ತು ಮೇಲಕ್ಕೆ ಕಿರಿದು, ಎಡಕ್ಕೆ ಮತ್ತು ಕೆಳಕ್ಕೆ ಅಗಲದ್ದು, ಇದೇ ಕ್ರಮದಲ್ಲಿ ನಾಲ್ಕು ಸುತ್ತು. ಪ್ರತಿ ಪಟ್ಟಿಯನ್ನು ಹೊಲಿದ ಕೂಡಲೇ ಮಾರ್ಜಿನ್ ಹೊರಮುಖವಾಗುವಂತೆ ಇಸ್ತ್ರಿ ಒತ್ತಿ, ಪೆಟ್ಟಿಗೆಯನ್ನು ಜಾರಿಸದೆ ಎತ್ತಿಟ್ಟು ಒತ್ತಬೇಕು, ಇಲ್ಲವಾದರೆ ಕಿರಿದು ಪಟ್ಟಿಗಳು ಬಿಲ್ಲಿನಂತೆ ಬಾಗುತ್ತವೆ. ಸುತ್ತು ಮುಗಿದಾಗಲೆಲ್ಲ ಅಳೆದು ನೋಡಿ: ಕ್ರಮವಾಗಿ 3¼, 5, 6¾, 8½ ಇಂಚು ಬರಬೇಕು. ಒಂದೊಂದು ಹೊಲಿಗೆಯೂ ಇಂಚಿನ ಹದಿನಾರನೇ ಒಂದು ಭಾಗವನ್ನು ಹೆಚ್ಚಾಗಿ ನುಂಗಿದರೆ, ಅಡ್ಡಕ್ಕೆ ಎಂಟು ಹೊಲಿಗೆಗಳಿರುವುದರಿಂದ, ಚೌಕ ಅರ್ಧ ಇಂಚು ಕುಗ್ಗಿಬಿಡುತ್ತದೆ. ಆದ್ದರಿಂದ ಸೂಜಿಯಿಂದ ಕಾಲು ಇಂಚು ಅಳೆದು, ಯಂತ್ರದ ತಟ್ಟೆಯ ಮೇಲೆ ಬ್ಯಾಂಡೇಜ್ ಪಟ್ಟಿಯನ್ನು ಗಡಿಯಂತೆ ಅಂಟಿಸಿಕೊಂಡರೆ ಬಟ್ಟೆ ಅದಕ್ಕೆ ತಾಗಿಕೊಂಡೇ ಸಾಗುತ್ತದೆ.

ಹೀಗೆ 36 ಚೌಕಗಳಿಂದ 4 ಅಡಿ ಉದ್ದಗಲದ, 9 ವೃತ್ತಗಳ ಮಗುವಿನ ಕೌದಿಯಾಗುತ್ತದೆ. 44 ಇಂಚು ಪನ್ನದ ಬಟ್ಟೆಯಾದರೆ ಕಿರಿದು ಪಟ್ಟಿಯ ಬಣ್ಣದಲ್ಲಿ 1 ಮೀಟರ್, ಅಗಲದ್ದರಲ್ಲಿ 2 ಮೀಟರ್ ಸಾಕು. ದರ್ಜಿ ಅಂಗಡಿಯ ಚೂರುಗಳನ್ನೂ ಬಳಸಬಹುದು, ಆದರೆ ಒಂದು ಗುಂಪು ತಿಳಿ, ಇನ್ನೊಂದು ಗಾಢ ಎಂಬ ಭೇದ ಎದ್ದು ಕಾಣಬೇಕು. ಸಣ್ಣ ಹೂವಿನ ಮಧ್ಯಮ ಬಣ್ಣದ ಪ್ರಿಂಟುಗಳು ಗಡಿಯನ್ನು ಮಸುಕುಗೊಳಿಸಿ ವೃತ್ತವನ್ನೇ ಕರಗಿಸಿಬಿಡುತ್ತವೆ. ನನಗಂತೂ ಸಾಗರ, ಸೊರಬದ ಕಡೆ ದೀವರ ಮನೆಗಳ ಹಸೆ ಚಿತ್ತಾರದ ಬಣ್ಣಗಳಿಗಿಂತ ಒಳ್ಳೆಯ ಜೋಡಿ ತೋಚುವುದಿಲ್ಲ: ಕಿರಿದಕ್ಕೆ ಕೆಮ್ಮಣ್ಣಿನ ಕೆಂಪು, ಅಗಲಕ್ಕೆ ಅಕ್ಕಿಹಿಟ್ಟಿನ ಬಿಳಿ, ನಡುವಿನ ಚೌಕಕ್ಕೆ ಗುರಿಗೆ ಬೀಜದ ಹಳದಿ. ಕೆಂಪು ಬಟ್ಟೆಯನ್ನು ಮಾತ್ರ ಕತ್ತರಿಸುವ ಮೊದಲೇ ಒಗೆದು, ಬಣ್ಣ ಬಿಡುತ್ತದೆಯೇ ಎಂದು ಬಿಳಿ ಚೂರಿನ ಮೇಲೆ ಉಜ್ಜಿ ನೋಡಿ.

ಇದಲ್ಲದೆ ‘ಸ್ಟಾರ್ಮ್ ಅಟ್ ಸೀ’ ಎಂಬ ವಿನ್ಯಾಸವೂ ಇದೆ. ಚೌಕ, ತ್ರಿಕೋನ, ವಜ್ರದಾಕಾರಗಳ ಓರೆಗೆರೆಗಳು ಒಂದರ ತುದಿಗೆ ಇನ್ನೊಂದು ಬೇರೆ ಕೋನದಲ್ಲಿ ಸೇರಿ ಅಲೆಯಂತೆ ಕಾಣುತ್ತವೆ. ಅದರಲ್ಲಿ ಚೂಪು ತುದಿಗಳು ಕರಾರುವಾಕ್ಕಾಗಿ ಕೂಡಬೇಕಾದ್ದರಿಂದ ಮೊದಲ ಕೌದಿಗೆ ಬೇಡವೆಂದೇ ಹೇಳುತ್ತೇನೆ.

ಚೌಕಗಳನ್ನು ಕೂಡಿಸುವ ಮೊದಲು ಜಗಲಿಯ ಮೇಲೆ ಎಲ್ಲವನ್ನೂ ಹರಡಿ, ಮೊಬೈಲಿನಲ್ಲಿ ಕಪ್ಪು ಬಿಳುಪು ಚಿತ್ರ ತೆಗೆದು ನೋಡಿ. ತಲೆಕೆಳಗಾಗಿ ತಿರುಗಿದ ಒಂದು ಚೌಕವಿದ್ದರೂ ಅದರಲ್ಲಿ ಕಂಡುಬಿಡುತ್ತದೆ. ಒಳಪದರಕ್ಕೆ ದಪ್ಪ ಹತ್ತಿ ತುಂಬುವ ಬದಲು ಹಳೆಯ ಹತ್ತಿ ಸೀರೆಯ ಎರಡು ಪದರ ಇಡುವುದು ಮಲೆನಾಡಿಗೆ ಮೇಲು. ಪುನರ್ವಸು, ಪುಷ್ಯ ಮಳೆ ಹಿಡಿದ ವಾರಗಳಲ್ಲಿ ಹತ್ತಿ ತುಂಬಿದ್ದು ಒಣಗುವ ಮೊದಲೇ ಮುಗ್ಗಲು ವಾಸನೆ ಹಿಡಿಯುತ್ತದೆ. ಕೊನೆಯ ಅಂಚಿಗೂ ನೀವು ಬಟ್ಟೆಯನ್ನು ಓರೆಯಾಗಿ ಹಿಡಿದು ಕ್ರಾಸ್ ಪಟ್ಟಿ ಕತ್ತರಿಸಬೇಕಾಗಿಲ್ಲ. ಕೌದಿಯ ನಾಲ್ಕೂ ಬದಿ ನೇರವಾಗಿರುವುದರಿಂದ 2½ ಇಂಚು ಅಗಲದ ನೇರ ಪಟ್ಟಿಯನ್ನು ಮಡಚಿ ಹೊಲಿದರೆ ಸಾಕು.