‘ಜೀವಮಾನದ ಆಯಿಲ್’: ಯಾರ ಜೀವಮಾನ?

ಗೇರ್‌ಬಾಕ್ಸ್‌ಗೆ ಹಾಕಿದ ಆಯಿಲ್ ಗಾಡಿ ಇರುವಷ್ಟು ಕಾಲ ಸಾಕು, ಬದಲಿಸುವ ಅಗತ್ಯವಿಲ್ಲ. 1990ರ ದಶಕದಿಂದ ಜರ್ಮನಿಯ ದುಬಾರಿ ಕಾರುಗಳ ಜೊತೆ ಬಂದ ಈ ಮಾತನ್ನು ನಂಬಿ ಕೆಟ್ಟವರು ಬಹಳ ಮಂದಿ. ಬಿಎಂಡಬ್ಲ್ಯೂಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿ ಹೇಳುವುದೇ ಬೇರೆ: ಓಡಿಸುವ ರೀತಿ ನೋಡಿಕೊಂಡು 80,000ದಿಂದ 1,20,000 ಕಿ.ಮೀ. ಒಳಗೆ, ತಪ್ಪಿದರೆ ಎಂಟು ವರ್ಷಕ್ಕಾದರೂ ಆಯಿಲ್ ಬದಲಿಸಿ. ಅಮೆರಿಕದಲ್ಲಿ ಬಿಎಂಡಬ್ಲ್ಯೂ ಹೊಸ ಗಾಡಿಗೆ ಕೊಡುವ ವಾರಂಟಿ 4 ವರ್ಷ ಅಥವಾ 50,000 ಮೈಲಿ. ಕಿಲೋಮೀಟರಿಗೆ ತಂದರೆ ಸುಮಾರು 80,000. ವಾರಂಟಿ ಮುಗಿಯುವ ಹೊತ್ತಿಗೇ ಆಯಿಲಿನ ಆಯುಸ್ಸು ಮುಗಿಯತೊಡಗುತ್ತದೆ. ಹಾಗಾದರೆ ‘ಜೀವಮಾನ’ ಯಾರದ್ದು? ಮೊದಲ ಮಾಲೀಕನ ಕೈಯಲ್ಲಿ ಗಾಡಿ ಇರುವಷ್ಟು ದಿನದ್ದು ಎಂದೇ ನನಗೆ ಅನ್ನಿಸುತ್ತದೆ.

ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ದುಬಾರಿ ಎಸ್‌ಯುವಿಗಳಲ್ಲಿ ಈ ಆಯಿಲಿನ ಗೋಳು ಇನ್ನೂ ಹೆಚ್ಚು. 1997ರಲ್ಲಿ ಮರ್ಸಿಡಿಸ್ ಎಂಎಲ್, 1999ರಲ್ಲಿ ಬಿಎಂಡಬ್ಲ್ಯೂ ಎಕ್ಸ್5, 2002ರಲ್ಲಿ ಪೋರ್ಶೆ ಕಯೆನ್ ಬಂದವು. ಮೊದಲ ಎಕ್ಸ್5ರಲ್ಲಿ ಶಕ್ತಿ ಹಂಚುತ್ತಿದ್ದದ್ದು ಬರೀ ಹಲ್ಲುಚಕ್ರಗಳು: ಮುಂದಿನ ಚಕ್ರಗಳಿಗೆ ಶೇ 38, ಹಿಂದಿನವಕ್ಕೆ ಶೇ 62. 2003ರಲ್ಲಿ ನಾಲ್ಕು ಚಕ್ರಗಳಿಗೆ ಶಕ್ತಿ ಹಂಚುವ ಬಿಎಂಡಬ್ಲ್ಯೂನ ಹೊಸ ವ್ಯವಸ್ಥೆ ಎಕ್ಸ್‌ಡ್ರೈವ್ ಬಂತು. ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸಿನೊಳಗೆ ಹಲವು ಪ್ಲೇಟುಗಳ ಕ್ಲಚ್ ಇದೆ. ಕಂಪ್ಯೂಟರ್ ಹೇಳಿದಂತೆ ಪುಟ್ಟ ಮೋಟಾರೊಂದು ಆ ಪ್ಲೇಟುಗಳನ್ನು ಒತ್ತಿದರೆ ಮುಂದಿನ ಚಕ್ರಗಳಿಗೆ ಶಕ್ತಿ ಹೋಗುತ್ತದೆ. ರಸ್ತೆಯ ಮೇಲೆ ಅದು ಸೊಗಸಾದ ವ್ಯವಸ್ಥೆ, ಅನುಮಾನವಿಲ್ಲ. ಆದರೆ ಮೋಟಾರಿನೊಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ನಾಲ್ಕು ಚಕ್ರದ ಗಾಡಿ ಎರಡು ಚಕ್ರದ್ದಾಗುತ್ತದೆ. ಪ್ಲೇಟುಗಳು ಸವೆದ ಪುಡಿ ಬಂದು ಸೇರುವುದು ಟ್ರಾನ್ಸ್‌ಫರ್ ಕೇಸಿನ ಆಯಿಲಿಗೆ, ಅದೂ ‘ಜೀವಮಾನದ್ದೇ’. ಕೆಲವು ವರ್ಷ ಕಳೆದ ಮೇಲೆ ನಿಧಾನವಾಗಿ ತಿರುಗಿಸುವಾಗ ಗಾಡಿ ಜರ್ಕ್ ಹೊಡೆಯಲು ಶುರುಮಾಡುತ್ತದೆ.

ಟಯರಿನ ವಿಷಯವನ್ನು ಶೋರೂಮಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಮುಂದಿನ ಟಯರು ಹೊಸದು, ಹಿಂದಿನದು ಸವೆದದ್ದು ಎಂದಾದರೆ ಅವುಗಳ ಸುತ್ತಳತೆ ಬೇರೆಬೇರೆಯಾಗುತ್ತದೆ. ಆಗ ಮುಂದಿನ, ಹಿಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಿ, ನೇರ ರಸ್ತೆಯಲ್ಲೂ ಕ್ಲಚ್ ಪ್ಲೇಟುಗಳು ಉಜ್ಜುತ್ತಲೇ ಇರುತ್ತವೆ. ಎರಡೆರಡೇ ಟಯರು ಬದಲಿಸುವುದು ನಮ್ಮಲ್ಲಿ ಮಾಮೂಲಿ ಪದ್ಧತಿ. ಟ್ರಾನ್ಸ್‌ಫರ್ ಕೇಸ್ ಹೋದಾಗ ಈ ಪದ್ಧತಿಯೇ ವಾರಂಟಿ ನಿರಾಕರಿಸಲು ಕಾರಣವಾಗಬಹುದು.

ಮೊದಲ ತಲೆಮಾರಿನ ಕಯೆನ್‌ನ ಕಥೆ ಇನ್ನೂ ಬೇಸರದ್ದು. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್‌ನ ನಡುವಿನ ಬೇರಿಂಗ್ ಸುತ್ತ ಒಂದು ರಬ್ಬರ್ ಇದೆ. ಹಾಳಾಗುತ್ತಿದ್ದದ್ದು ಆ ರಬ್ಬರ್. ಕಂಪನಿ ಮಾರುತ್ತಿದ್ದದ್ದು ಇಡೀ ಶಾಫ್ಟ್. ಹೊರಗಿನ ಮೆಕ್ಯಾನಿಕ್‌ಗಳು ಬೇರಿಂಗ್ ಒಂದನ್ನೇ ಬದಲಿಸುವ ದಾರಿ ಕಂಡುಕೊಂಡರು.

ಅಮೆರಿಕದ ಗ್ರಾಹಕನಿಗೆ ಕಾನೂನಿನ ಆಸರೆ ಹಳೆಯದು. ತನ್ನದೇ ಬ್ರಾಂಡಿನ ಬಿಡಿಭಾಗ, ತನ್ನದೇ ಸರ್ವಿಸ್ ಹಣ ಕೊಟ್ಟು ಕೊಂಡರಷ್ಟೇ ವಾರಂಟಿ ಎಂದು ಕಂಪನಿ ಸಾಮಾನ್ಯವಾಗಿ ಕಟ್ಟುಹಾಕುವಂತಿಲ್ಲ ಎನ್ನುತ್ತದೆ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ. ಮತ್ತೆ ಮತ್ತೆ ಕೆಡುವ ಹೊಸ ಕಾರನ್ನು ಬದಲಿಸಬೇಕು ಅಥವಾ ಹಣ ವಾಪಸ್ ಕೊಡಬೇಕೆಂಬ ‘ಲೆಮನ್ ಕಾನೂನು’ 1982ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಬಂತು, ಆಮೇಲೆ ಉಳಿದ ರಾಜ್ಯಗಳಿಗೂ ಹಬ್ಬಿತು.

ನಮಗೆ ಅಂಥ ಪ್ರತ್ಯೇಕ ಕಾನೂನಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಗತಿ. ಮಾರುತಿ ಕಾರಿನ ಕ್ಲಚ್ ಕುರಿತ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ವಾರಂಟಿ ಎಂದರೆ ಕೆಟ್ಟ ಭಾಗವನ್ನು ಬದಲಿಸಿಕೊಡುವುದು, ಇಡೀ ಕಾರನ್ನಲ್ಲ ಎಂದಿತು. ತಯಾರಿಕೆಯ ದೋಷವೇ ಎಂದು ಸಾಧಿಸಲು ತಜ್ಞರ ವರದಿ ಬೇಕಾಗುತ್ತದೆ. ಟ್ರಾನ್ಸ್‌ಫರ್ ಕೇಸನ್ನು ಬಿಚ್ಚಿ ನೋಡಿ, ಕಂಪನಿಯ ವಿರುದ್ಧ ಬರೆದುಕೊಡುವ ತಜ್ಞನನ್ನು ಒಬ್ಬ ಮಾಲೀಕ ಎಲ್ಲಿ ಹುಡುಕಬೇಕು? ಈ ಭಾರವನ್ನು ಗ್ರಾಹಕನ ಹೆಗಲಿಗೆ ಹೊರಿಸಿರುವುದು ಅನ್ಯಾಯ.

ಎಲ್ಲರಿಗಿಂತ ಹೆಚ್ಚು ಪೆಟ್ಟು ತಿನ್ನುವವನು ಸೆಕೆಂಡ್ ಹ್ಯಾಂಡ್ ಕೊಂಡವನು. ಬೆಂಗಳೂರಿನಲ್ಲಿ ಏಳೆಂಟು ವರ್ಷ ಹಳೆಯ ಎಕ್ಸ್5ರ ಬೆಲೆ ಹೊಸ ಮಧ್ಯಮ ದರ್ಜೆಯ ಕಾರಿನ ಮಟ್ಟಕ್ಕೆ ಇಳಿದಿರುತ್ತದೆ, ಆದರೆ ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. ಸರ್ವಿಸ್ ಪುಸ್ತಕದಲ್ಲಿ ಎಲ್ಲ ಮೊಹರೂ ಸರಿಯಾಗಿರುತ್ತವೆ. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ ಮಾತ್ರ ಇರುವುದಿಲ್ಲ, ಬದಲಿಸುವುದು ಬೇಡ ಎಂದು ಹೇಳಿದವರೇ ಆ ಮೊಹರು ಒತ್ತಿದವರು. ಕೊಳ್ಳುವ ಮೊದಲು ಗಾಡಿಯನ್ನು ಲಿಫ್ಟ್‌ಗೆ ಏರಿಸಿ, ಟ್ರಾನ್ಸ್‌ಫರ್ ಕೇಸಿನ ಆಯಿಲನ್ನು ತುಸು ತೆಗೆಸಿ ನೋಡಿ. ಕಪ್ಪಗಿದ್ದು, ಬೆರಳಲ್ಲಿ ಉಜ್ಜಿದಾಗ ಪುಡಿ ತರಿತರಿ ಎಂದರೆ ಆ ಗಾಡಿ ಬೇಡ.