ರವಿವಾರದ ಗಾಲ್ಫ್, ಸೋಮವಾರದ ಸೊಂಟನೋವು

ನಮ್ಮ ಫಿಜಿಯೋಥೆರಪಿ ಕ್ಲಿನಿಕ್‌ಗೆ ಬರುವ ಗಾಲ್ಫ್ ಆಟಗಾರರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುವವರು, ಬ್ಯಾಂಕಿನವರು, ವಕೀಲರು. ಬರುವುದು ಸಾಮಾನ್ಯವಾಗಿ ಸೋಮವಾರ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು. ಎಷ್ಟು ಆಡ್ತೀರಿ ಅಂತ ಕೇಳಿದರೆ ಉತ್ತರ ಒಂದೇ: "ವಾರಪೂರ್ತಿ ಟೈಮ್ ಸಿಗಂಗಿಲ್ರೀ. ರವಿವಾರ ಒಂದ ದಿನ. ಹಂಗಾಗಿ ಮೂರ್ನಾಕ ತಾಸು ಹೊಡದ ಬಿಡ್ತೀನಿ."

ಇಷ್ಟು ಪ್ರೀತಿಯಿಂದ ಆಡುವವರಿಗೆ ಆಟ ಬಿಡಿ ಅನ್ನಲು ನನಗೆ ಮನಸ್ಸಿಲ್ಲ. ಬಿಡಬೇಕಾಗಿಯೂ ಇಲ್ಲ. ಆ ಮೂರ್ನಾಲ್ಕು ತಾಸನ್ನು ವಾರಕ್ಕೆ ಹಂಚಿಕೊಳ್ಳಿ ಅನ್ನುತ್ತೇನೆ, ಅಷ್ಟೇ.

ಮೊದಲು ಸೊಂಟದ ವಿಷಯ. ಸ್ವಿಂಗ್ ಅಂದರೆ ತಿರುಗುವುದು. ಆದರೆ ಸೊಂಟದ ಐದು ಎಲುಬುಗಳು ಸೇರಿ ತಿರುಗುವುದು ಹೆಚ್ಚೆಂದರೆ 10ರಿಂದ 15 ಡಿಗ್ರಿ. ಉಳಿದ ತಿರುವು ಬೆನ್ನಿನ ಮೇಲ್ಭಾಗ ಮತ್ತು ತೊಡೆಯ ಕೀಲಿನಿಂದ ಬರಬೇಕು. ಆರು ದಿನ ಕುರ್ಚಿಯಲ್ಲಿ, ಕಾರಿನಲ್ಲಿ ಕೂತವರಿಗೆ ಬಿಗಿಯಾಗಿರುವುದು ಇವೇ ಎರಡು. ಅವು ತಿರುಗದಿದ್ದಾಗ ಸೊಂಟ ತನ್ನ ಮಿತಿ ಮೀರಿ ತಿರುಗುತ್ತದೆ. ಪೂರ್ತಿ ಬೀಸಿನ ಸ್ವಿಂಗ್‌ನಲ್ಲಿ ಸೊಂಟದ ಮೇಲೆ ದೇಹದ ತೂಕದ ಸುಮಾರು 8 ಪಟ್ಟು ಒತ್ತಡ ಬೀಳಬಹುದು ಎಂದು ಅಳೆದವರಿದ್ದಾರೆ. ಆ ಒತ್ತಡವನ್ನು ಒಂದೇ ಬೆಳಿಗ್ಗೆ ನೂರು ಸಲ ಕೊಟ್ಟರೆ ಹೇಗೆ, ನೀವೇ ಯೋಚಿಸಿ.

ಇನ್ನು ಕಲಿಕೆ. ಒಂದೇ ದಿನ ಜಾಸ್ತಿ ಹೊಡೆದರೆ ಜಾಸ್ತಿ ಕಲಿತೆ ಅನ್ನಿಸುತ್ತದೆ. ಹಾಗಲ್ಲ. ಬ್ರಿಟನ್ನಿನ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಸಂಶೋಧಕರು ಅಂಚೆ ನೌಕರರಿಗೆ ಟೈಪಿಂಗ್ ಕಲಿಸಿ ನೋಡಿ, 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಒಂದೇ ತಾಸು ಕೂತವರು, ನಾಲ್ಕು ತಾಸು ಕೂತವರಿಗಿಂತ ಒಟ್ಟಾರೆ ಕಡಿಮೆ ತಾಸಿನಲ್ಲಿ ಕಲಿತರು. ಆದರೆ ಅವರಿಗೇ ತೃಪ್ತಿ ಕಡಿಮೆ! ದಿನಗಳು ಹೆಚ್ಚು ಹಿಡಿದದ್ದರಿಂದ ತಾವು ಹಿಂದುಳಿದೆವು ಅನ್ನಿಸಿತ್ತು. ನಮ್ಮ ರವಿವಾರದ ಆಟಗಾರರನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ಬೆವರು ಹರಿದರೆ ಸಮಾಧಾನ. ಹದಿನೈದು ನಿಮಿಷದ ಅಭ್ಯಾಸ ಅವರಿಗೆ ಅಭ್ಯಾಸ ಅಂತಲೇ ಅನ್ನಿಸುವುದಿಲ್ಲ.

ಹದಿನೈದು ನಿಮಿಷದಲ್ಲಿ ಏನು ಮಾಡುವುದು? ಪಟ್ಟಿಂಗ್, ಅಂದರೆ ಚೆಂಡನ್ನು ನೆಲದ ಮೇಲೆ ಮೆಲ್ಲಗೆ ಉರುಳಿಸಿ ಹೋಲ್‌ಗೆ ಸೇರಿಸುವುದು. 72 ಪಾರ್‌ನ (ಒಟ್ಟು 72 ಹೊಡೆತಕ್ಕೆ ಆಟ ಮುಗಿಯಬೇಕು ಎಂದು ನಿಗದಿಯಾದ) ಮೈದಾನದಲ್ಲಿ ಪ್ರತಿ ಹೋಲ್‌ಗೆ ಎರಡು ಪಟ್ ಅಂತ ಲೆಕ್ಕ. 18 ಹೋಲ್‌ಗೆ 36, ಅಂದರೆ ಅರ್ಧ ಆಟ. ಈ ಅರ್ಧಕ್ಕೆ ಮೈದಾನ ಬೇಕಿಲ್ಲ, ಹಾಲ್‌ನಲ್ಲಿ ಜಮಖಾನ ಹಾಸಿದರೆ ಸಾಕು. ಕೊನೆಯಲ್ಲಿ ಸ್ಟೀಲ್ ಲೋಟ ಮಲಗಿಸಿಡಿ. ಹೋಲ್‌ನ ಅಗಲ 108 ಮಿಲಿಮೀಟರ್, ಲೋಟದ ಬಾಯಿ ಅದಕ್ಕಿಂತ ಸಣ್ಣದು. ಅದಕ್ಕೆ ಗುರಿ ಕೂತರೆ ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲುಹಾಸು) ಮೇಲೆ ಹೋಲ್ ದೊಡ್ಡದಾಗಿ ಕಾಣುತ್ತದೆ. ಒಂದೇ ಜಾಗದಿಂದ ಇಪ್ಪತ್ತು ಸಲ ಹೊಡೆಯಬೇಡಿ. ಪ್ರತಿ ಸಲ ದೂರ ಬದಲಿಸಿ. ಆಗ ತಪ್ಪು ಜಾಸ್ತಿ ಆಗುತ್ತದೆ, ಆದರೆ ಕಲಿತದ್ದು ಉಳಿಯುತ್ತದೆ. ಮಕ್ಕಳನ್ನೂ ಸೇರಿಸಿಕೊಳ್ಳಿ. ರವಿವಾರ ಅಪ್ಪ ಮನೆಯಲ್ಲಿ ಇರುವುದೇ ಇಲ್ಲ ಅನ್ನುವ ಮಾತೂ ಸ್ವಲ್ಪ ಕಡಿಮೆಯಾದೀತು.

ಆಫೀಸಿನಲ್ಲಿ ತಾಸಿಗೊಮ್ಮೆ ಎದ್ದು ನಿಲ್ಲಿ. ಎದೆಯ ಮೇಲೆ ಕೈ ಕಟ್ಟಿ, ಸೊಂಟ ಅಲ್ಲಾಡಿಸದೆ ಭುಜವನ್ನು ಎರಡೂ ಕಡೆ ನಿಧಾನವಾಗಿ ತಿರುಗಿಸಿ. ಇಷ್ಟು ಸಾಕು.

ಬೆಳಿಗ್ಗೆ ಕೆಲಸಕ್ಕೆ ಮೊದಲು ಆಡುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ರಾತ್ರಿ ಮಲಗಿದಾಗ ಬೆನ್ನೆಲುಬಿನ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಅದಕ್ಕೇ ಬೆಳಿಗ್ಗೆ ನಾವು ಒಂದೆರಡು ಸೆಂಟಿಮೀಟರ್ ಎತ್ತರ ಇರುತ್ತೇವೆ. ಉಬ್ಬಿದ ಡಿಸ್ಕ್ ಬಿಗಿಯಾಗಿರುತ್ತದೆ, ಬಗ್ಗಿದಾಗ ಅದರ ಮೇಲಿನ ಎಳೆತ ಜಾಸ್ತಿ. ಎದ್ದ ಮೊದಲ ಒಂದು ತಾಸಿನಲ್ಲೇ ಆ ಉಬ್ಬಿನ ದೊಡ್ಡ ಪಾಲು ಇಳಿಯುತ್ತದೆ. ಆದ್ದರಿಂದ ಐದೂವರೆಗೆ ಎದ್ದು ಆರಕ್ಕೆ ಡ್ರೈವರ್ (ದೂರ ಹೊಡೆಯುವ ಉದ್ದನೆಯ ಕ್ಲಬ್, ಅಂದರೆ ಗಾಲ್ಫ್ ಕೋಲು) ಬೀಸುವುದು ಬೇಡ. ಚಹಾ ಕುಡಿಯಿರಿ, ನಡೆಯಿರಿ, ಆರೂವರೆ ದಾಟಲಿ. ನಮ್ಮಲ್ಲಿ ಡಿಸೆಂಬರ್, ಜನವರಿಯ ಮುಂಜಾನೆ ಥಂಡಿಯಲ್ಲಿ ಇದನ್ನು ಇನ್ನೂ ಜೋಪಾನವಾಗಿ ಪಾಲಿಸಿ.

ಮಳೆಗಾಲ ಬೇರೆ ಸಂಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಮಳೆ ಯಾರ ಟೈಮ್‌ಟೇಬಲ್ಲೂ ಕೇಳುವುದಿಲ್ಲ. ಮಳೆ ಬಿಟ್ಟರೂ ಕೆಲವೊಮ್ಮೆ ಮೈದಾನ ಸಿಗುವುದಿಲ್ಲ. 2022ರ ಆಗಸ್ಟ್‌ನಲ್ಲಿ ಗಾಲ್ಫ್ ಮೈದಾನದಲ್ಲಿ ಚಿರತೆ ಕಾಣಿಸಿಕೊಂಡು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಿದ್ದು ನೆನಪಿದೆ ಅಲ್ವಾ? ಇಂಥ ದಿನಗಳಿಗೂ ಜಮಖಾನವೇ ಆಸರೆ. ಒದ್ದೆ ನೆಲದ ಮೇಲೆ ಆಡಲೇಬೇಕೆಂದರೆ ಪೂರ್ತಿ ಬಲ ಬೇಡ. ಐರನ್ ಕ್ಲಬ್‌ನ ತಲೆ ಚೆಂಡಿಗಿಂತ ಮೊದಲು ಕೆಸರಿಗೆ ಬಡಿದರೆ ಆ ಪೆಟ್ಟು ನೇರ ಮಣಿಕಟ್ಟಿಗೆ, ಮೊಣಕೈಗೆ ಹೋಗುತ್ತದೆ. ಹಿಡಿತ ಬಿಗಿಯಾದಷ್ಟೂ ನೋವು ಹೆಚ್ಚು. ಮೊಣಕೈ ನೋವು ಶುರುವಾದವರು ಮೊದಲು ಗ್ರಿಪ್‌ನ ರಬ್ಬರ್ ಸವೆದಿದೆಯೇ ನೋಡಿ. ಜಾರುವ ಗ್ರಿಪ್ ಇದ್ದಾಗ ಕೈ ತಾನಾಗಿಯೇ ಹಿಂಡಿ ಹಿಡಿಯುತ್ತದೆ.

ಹಾಗಾದರೆ ರವಿವಾರ? ಖಂಡಿತ ಹೋಗಿ. ಹತ್ತು ನಿಮಿಷ ಚುರುಕಾಗಿ ನಡೆಯಿರಿ, ಚೆಂಡಿಲ್ಲದೆ ಅರ್ಧ ಬಲದಲ್ಲಿ ಬೀಸಿ, ಸಣ್ಣ ಕ್ಲಬ್‌ನಿಂದ ಶುರುಮಾಡಿ. ಡ್ರೈವರ್ ಕೊನೆಗೆ. ಬಕೆಟ್‌ನಲ್ಲಿ ಚೆಂಡು ಉಳಿದಿದೆ ಅಂತ ಸುಮ್ನೆ ಹೊಡೆಯುತ್ತಾ ಹೋಗಬೇಡಿ.

ಮರುದಿನ ಸ್ನಾಯು ಹಿಡಿದುಕೊಂಡರೆ ಹೆದರಬೇಕಿಲ್ಲ, ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ. ನೋವು ಪೃಷ್ಠದಿಂದ ಮೊಣಕಾಲಿನ ಕೆಳಗೆ ಇಳಿದರೆ, ಪಾದ ಜುಮ್ಮೆಂದರೆ, ಹೆಬ್ಬೆರಳು ಎತ್ತಲು ಬಲ ಸಾಲದಿದ್ದರೆ ಕ್ಲಬ್ ಮುಟ್ಟಬೇಡಿ, ಡಾಕ್ಟರಿಗೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರೆ ಅಥವಾ ತೊಡೆಸಂದಿನಲ್ಲಿ ಸ್ಪರ್ಶ ತಿಳಿಯದಿದ್ದರೆ ಬೆಳಗಾಗುವ ತನಕ ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.