ಹತ್ತು ಎಂಎಲ್ ಬಾಟಲಿಯ ಲೆಕ್ಕ

ವೇಪ್ ಅಂದರೆ ದ್ರವವನ್ನು ಆವಿ ಮಾಡಿ ಎಳೆಯುವ ಇ-ಸಿಗರೇಟ್. ಬ್ರಿಟನ್ನಿನ ವೇಪ್ ಅಂಗಡಿಗಳಲ್ಲಿ ಈ ದ್ರವದ ಒಂದು ವಿಚಿತ್ರ ಜೋಡಿ ಸಿಗುತ್ತದೆ. 60 ಎಂಎಲ್ ಹಿಡಿಯುವ ದೊಡ್ಡ ಬಾಟಲಿ, ಆದರೆ ತುಂಬಿರುವುದು 50 ಎಂಎಲ್ ಮಾತ್ರ. ಅದರಲ್ಲಿ ಫ್ಲೇವರ್ ಇದೆ, ನಿಕೋಟಿನ್ ಇಲ್ಲ. ಜೊತೆಗೆ 10 ಎಂಎಲ್‌ನ ಪುಟಾಣಿ ಬಾಟಲಿ. ಅದರಲ್ಲಿ ಎಂಎಲ್‌ಗೆ 18 ಮಿಲಿಗ್ರಾಂ ನಿಕೋಟಿನ್. ಮನೆಗೆ ತಂದು ಚಿಕ್ಕದನ್ನು ದೊಡ್ಡದಕ್ಕೆ ಸುರಿದು ಕುಲುಕಿದರೆ ಆಯ್ತು. 180 ಮಿಲಿಗ್ರಾಂ 60 ಎಂಎಲ್‌ಗೆ ಹಂಚಿಹೋಗಿ, ಎಂಎಲ್‌ಗೆ 3 ಮಿಲಿಗ್ರಾಂ ಆಗುತ್ತದೆ.

ಅಂಗಡಿಯವರೇ ಬೆರೆಸಿ ಕೊಡಬಹುದಿತ್ತು ಅಲ್ವಾ? ಹಾಗೆ ಮಾಡುವಂತಿಲ್ಲ. ಯುರೋಪಿಯನ್ ಒಕ್ಕೂಟ 2014ರಲ್ಲಿ ಮಾಡಿದ ನಿಯಮದ ಪ್ರಕಾರ ನಿಕೋಟಿನ್ ಇರುವ ಬಾಟಲಿ 10 ಎಂಎಲ್ ದಾಟಬಾರದು, ವೇಪ್‌ನೊಳಗೆ ದ್ರವ ತುಂಬುವ ಟ್ಯಾಂಕ್ 2 ಎಂಎಲ್ ದಾಟಬಾರದು, ಎಂಎಲ್‌ಗೆ 20 ಮಿಲಿಗ್ರಾಂಗಿಂತ ಜಾಸ್ತಿ ನಿಕೋಟಿನ್ ಇರಬಾರದು. ಒಕ್ಕೂಟ ಬಿಟ್ಟ ಮೇಲೂ ಬ್ರಿಟನ್ ಇದನ್ನು ಉಳಿಸಿಕೊಂಡಿತು. ನಿಕೋಟಿನ್ ಇಲ್ಲದ ದ್ರವಕ್ಕೆ ಈ ಮಿತಿ ಅನ್ವಯಿಸುತ್ತಿರಲಿಲ್ಲ. ನಿಯಮ ಚಾಪೆ ಕೆಳಗೆ ತೂರಿತು, ವ್ಯಾಪಾರ ರಂಗೋಲಿ ಕೆಳಗೆ ತೂರಿತು. ಮಕ್ಕಳ ಕೈಗೆ ನಿಕೋಟಿನ್ ಸಿಗಬಾರದು ಎಂಬ ಕಾಳಜಿ ಸರಿಯೇ. ಆದರೆ ಬೆರೆಸುವ ಕೆಲಸ ಮಾತ್ರ ಕಾರ್ಖಾನೆಯಿಂದ ಅಡುಗೆಮನೆ ಕಟ್ಟೆಗೆ ಬಂತು!

ಇನ್ನೊಂದು ತೊಡಕಿದೆ. ಬಾಟಲಿ ಮೇಲಿನ ಅಂಕಿಯೇ ದೇಹಕ್ಕೆ ಸೇರುವ ನಿಕೋಟಿನ್ ಅಲ್ಲ. ವೇಪ್‌ನ ಒಳಗೆ ಹತ್ತಿ ಸುತ್ತಿದ ಲೋಹದ ಕಾಯಿಲ್ ಇರುತ್ತದೆ. ಅದು ಕಾದಾಗ ದ್ರವ ಆವಿಯಾಗುತ್ತದೆ. 10 ವಾಟ್‌ನ ಪುಟ್ಟ ಸಾಧನ ಒಂದು ಎಳೆತಕ್ಕೆ ಚೂರೇ ಚೂರು ದ್ರವ ಆವಿ ಮಾಡುತ್ತದೆ. 70 ವಾಟ್‌ನದ್ದು ಕೋಣೆ ತುಂಬ ಮೋಡ ಎಬ್ಬಿಸುತ್ತದೆ. ಹಾಗಾಗಿ 3 ಮಿಲಿಗ್ರಾಂ ಅಂದ ಮಾತ್ರಕ್ಕೆ ಹಗುರ ಎನ್ನುವ ಹಾಗಿಲ್ಲ. ಮೇಲಾಗಿ ಚಟ ಇರುವವರ ಮೆದುಳಿಗೆ ತನ್ನದೇ ಲೆಕ್ಕವಿದೆ. ನಿಕೋಟಿನ್ ಕಡಿಮೆಯಾದರೆ ಅವರು ಗೊತ್ತಿಲ್ಲದೆಯೇ ಉದ್ದಕ್ಕೆ, ಪದೇ ಪದೇ ಎಳೆಯುತ್ತಾರೆ. ನನ್ನನ್ನು ಕೇಳಿದರೆ, ಬಾಟಲಿಯನ್ನು ಅಳೆಯುವ ಬದಲು ಒಂದು ಎಳೆತಕ್ಕೆ ಎಷ್ಟು ನಿಕೋಟಿನ್ ಹೊರಬರುತ್ತದೆ ಎಂದು ಅಳೆಯುವುದೇ ಮೇಲು.

2025ರ ಜೂನ್ 1ರಿಂದ ಬ್ರಿಟನ್‌ನಲ್ಲಿ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟ ನಿಂತಿತು. ಎಸೆದ ಬ್ಯಾಟರಿಗಳ ರಾಶಿ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಆದರೆ ಅದೇ ಬಣ್ಣ, ಅದೇ ಆಕಾರದ ಸಾಧನಗಳು ಅಂಗಡಿ ಕಪಾಟಿಗೆ ಮರಳಿವೆ. ಈಗ ಅವುಗಳಿಗೆ ಚಾರ್ಜಿಂಗ್ ತೂತು, ದ್ರವ ತುಂಬಿದ, ಬದಲಿಸಬಹುದಾದ ಪಾಡ್ ಇರುತ್ತದೆ ಅಷ್ಟೆ.

ಆಸ್ಟ್ರೇಲಿಯಾ ಇನ್ನೂ ಬಿಗಿ. 2024ರ ಜುಲೈ 1ರಿಂದ ಅಲ್ಲಿ ಔಷಧ ಅಂಗಡಿ ಬಿಟ್ಟು ಬೇರೆಲ್ಲೂ ವೇಪ್ ಮಾರುವಂತಿಲ್ಲ, ನಿಕೋಟಿನ್ ಇಲ್ಲದ್ದನ್ನೂ ಸಹ. ವೇಪ್ ಅಂಗಡಿಗಳಿಗೆ ಮಾರಲು ವೇಪೇ ಇಲ್ಲದಂತಾಯಿತು. ಕಳ್ಳ ವ್ಯಾಪಾರ ಮಾತ್ರ ನಿಲ್ಲಲಿಲ್ಲ.

ಕಳ್ಳ ಮಾಲಿನಲ್ಲಿ ಲೇಬಲ್ಲನ್ನು ನಂಬುವ ಹಾಗಿಲ್ಲ. ಹಾಗಾದಾಗ ಕೊಳ್ಳುವವರು ಏನನ್ನು ನೋಡುತ್ತಾರೆ ಎಂಬುದಕ್ಕೆ ಅಮೆರಿಕದ ಒಂದು ಕಥೆ ಇದೆ. 2019ರಲ್ಲಿ ಅಲ್ಲಿ ವೇಪ್ ಎಳೆದವರ ಶ್ವಾಸಕೋಶ ಇದ್ದಕ್ಕಿದ್ದಂತೆ ಕೆಡತೊಡಗಿತು. 2020ರ ಫೆಬ್ರುವರಿ ಹೊತ್ತಿಗೆ ಆಸ್ಪತ್ರೆ ಸೇರಿದ ಅಥವಾ ಸತ್ತ 2,807 ಪ್ರಕರಣ ದಾಖಲಾಗಿದ್ದವು. ಸತ್ತವರೇ 68 ಮಂದಿ. ಹೆಚ್ಚಿನವರು ಎಳೆದಿದ್ದು ಗಾಂಜಾದಲ್ಲಿ ಅಮಲೇರಿಸುವ ಅಂಶವಾದ ಟಿಎಚ್‌ಸಿಯ ಎಣ್ಣೆ, ಅದೂ ಹೆಚ್ಚಾಗಿ ಕಳ್ಳ ದಾರಿಯಲ್ಲಿ ಬಂದದ್ದು. 51 ರೋಗಿಗಳ ಶ್ವಾಸಕೋಶ ತೊಳೆದ ದ್ರವ ಪರೀಕ್ಷಿಸಿದಾಗ 48 ಜನರಲ್ಲಿ ವಿಟಮಿನ್ ಇ ಅಸಿಟೇಟ್ ಸಿಕ್ಕಿತು. ಚರ್ಮಕ್ಕೆ ಹಚ್ಚುವ ಕ್ರೀಮ್‌ಗಳಲ್ಲೂ ಇರುವ ಎಣ್ಣೆ ಅದು. ಅದನ್ನು ಯಾಕೆ ಬೆರೆಸಿದರು? ಗಿರಾಕಿಗಳು ಎಣ್ಣೆ ತುಂಬಿದ ಕಾರ್ಟ್ರಿಡ್ಜನ್ನು ತಲೆಕೆಳಗೆ ಮಾಡಿ ಗಾಳಿಗುಳ್ಳೆ ಎಷ್ಟು ನಿಧಾನ ಏರುತ್ತದೆ ಎಂದು ನೋಡುತ್ತಿದ್ದರು. ನಿಧಾನ ಏರಿದರೆ ಮಾಲು ಗಟ್ಟಿ, ಅಂದರೆ ಶುದ್ಧ ಎಂದು ಅವರ ನಂಬಿಕೆ. ಬೆರಕೆ ಮಾಡಿ ತೆಳುವಾಗಿಸಿದ ಎಣ್ಣೆಯಲ್ಲೂ ಗುಳ್ಳೆ ನಿಧಾನ ಏರಲಿ ಎಂದು ಮಾರುವವರು ಇದನ್ನು ಸುರಿದರು.